ಬಾಗಿಲ ಹೊರಗೆ ನಿಂತ ಪೇತ್ರ



ಇಂದು 2025ರ ಜೂನ್ 29, ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವ. ಈ ಸಲ ಹಬ್ಬ ಭಾನುವಾರವೇ ಬಿದ್ದಿದೆ. ನಾಲ್ಕು ದಿನದ ಹಿಂದೆ ತುರ್ತು ಪರಿಸ್ಥಿತಿಗೆ ಐವತ್ತು ವರ್ಷ ತುಂಬಿತು. ಈ ಎರಡನ್ನೂ ಬೇರೆ ಬೇರೆ ಇಟ್ಟು ಮಾತಾಡೋಣವೆಂದುಕೊಂಡೆ, ಆಗಲಿಲ್ಲ. ಇವತ್ತಿನ ಮೊದಲ ವಾಚನವೇ ಒಂದು ಜೈಲಿನ ಕತೆ.

ಅರಸ ಹೆರೋದ ಯಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅದು ಕೆಲವರಿಗೆ ಮೆಚ್ಚುಗೆಯಾಯಿತು. ಮೆಚ್ಚುಗೆಯಾಯಿತಲ್ಲ ಎಂದು ಪೇತ್ರನನ್ನೂ ಹಿಡಿಸಿದ. ಆರೋಪ ಏನು? ವಾಚನವನ್ನು ಮತ್ತೊಮ್ಮೆ ಓದಿ ನೋಡಿ, ಎಲ್ಲೂ ಇಲ್ಲ. ಆದರೆ ಕಾವಲಿನ ಲೆಕ್ಕ ಮಾತ್ರ ಸರಿಯಾಗಿದೆ: ನಾಲ್ಕು ನಾಲ್ಕು ಜನರ ನಾಲ್ಕು ತಂಡ. ಬಲೆ ಬೀಸಿ ಬದುಕಿದ ಒಬ್ಬ ಮೀನುಗಾರನಿಗೆ ಹದಿನಾರು ಸೈನಿಕರು.

ನಮಗೆ ಸೈನಿಕರು ಅಪರಿಚಿತರಲ್ಲ. ಬೆಂಗಳೂರಿನಲ್ಲಿ ನಾವಿರುವ ಈ ಜಾಗದ ಹೆಸರೇ ದಂಡು. 1809ರಲ್ಲಿ ಬ್ರಿಟಿಷರು ಇಲ್ಲಿ ಪಾಳೆಯ ಹಾಕಿದ ಮೇಲೆ ಅದರ ಹಿಂದೆ ದರ್ಜಿಗಳು, ಕಟುಕರು, ಅಡುಗೆಯವರು, ಕುದುರೆ ಲಾಯದವರು ಬಂದರು. ಈ ಬೆಂಚುಗಳಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನರ ಮುತ್ತಜ್ಜ ಹಾಗೆ ಬಂದವರೇ. ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್‌ನಲ್ಲಿ ದುಡಿದು ನಿವೃತ್ತರಾದವರು ಇಲ್ಲೇ ಇದ್ದೀರಿ. ಸೈನಿಕನ ವೃತ್ತಿಯನ್ನು ಶುಭಸಂದೇಶ ಹಳಿಯುವುದಿಲ್ಲ. ತನ್ನ ಬಳಿ ಬಂದ ಸೈನಿಕರಿಗೆ ಸ್ನಾನಿಕ ಯೊವಾನ್ನ ಕೆಲಸ ಬಿಡಿ ಎನ್ನಲಿಲ್ಲ. ಬೆದರಿಸಿ ಕಸಿಯಬೇಡಿ, ಸುಳ್ಳು ಆರೋಪ ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂಬುದಷ್ಟೇ ಅವನ ಬುದ್ಧಿಮಾತಿನ ತಿರುಳು. ಬಂದೂಕು ಹಿಡಿದವನ ಎದುರು ಬರಿಗೈಯಲ್ಲಿ ನಿಂತವನಿಗೂ ಹಕ್ಕಿದೆ ಎಂಬುದನ್ನು ಅವನು ಸೈನಿಕನ ಕಿವಿಗೇ ಹಾಕಿದ.

ಮೊನ್ನೆ ಮೇ 7ರಂದು ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಯ ಸೈರನ್ ಕೂಗಿದಾಗ ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದಿರಿ: ಫಾದರ್, ಯುದ್ಧ ಬಂದರೆ ಮಿಲಿಟರಿ ಆಡಳಿತ ಬರುತ್ತದಾ? ನಮ್ಮ ಸಂವಿಧಾನದ 34ನೇ ವಿಧಿಯಲ್ಲಿ ಸೈನಿಕ ಶಾಸನದ ಪ್ರಸ್ತಾಪವಿದೆ, ಆದರೆ ಹಾಗೆಂದರೇನು ಎಂಬ ವಿವರಣೆ ಎಲ್ಲೂ ಇಲ್ಲ. ಅದರ ರುಚಿ ನಮ್ಮ ಗಡಿಯಲ್ಲೇ, ಕನ್ನಡ ಮಾತಾಡುವ ಮನೆಗಳಿರುವ ಸೊಲ್ಲಾಪುರದಲ್ಲಿ, 1930ರ ಮೇ ತಿಂಗಳಲ್ಲಿ ಜನ ಕಂಡರು. ಗಾಂಧಿ ಟೋಪಿ ಹಾಕುವುದೂ ಅಲ್ಲಿ ಅಪರಾಧವಾಯಿತು.

ಸ್ವತಂತ್ರ ಭಾರತದಲ್ಲಿ ಅಂಥ ಆಡಳಿತ ಹಾಗೆ ಬೂಟುಗಾಲಿನಲ್ಲಿ ಬರಲಿಲ್ಲ, ಕಾಗದದಲ್ಲಿ ಬಂತು. ಚೀನಾ ಯುದ್ಧಕ್ಕೆಂದು 1962ರ ಅಕ್ಟೋಬರ್ 26ರಂದು ತುರ್ತು ಪರಿಸ್ಥಿತಿ ಘೋಷಿಸಿದರು. ತಿಂಗಳೊಪ್ಪತ್ತಿನಲ್ಲಿ ಗುಂಡಿನ ಸದ್ದು ನಿಂತಿತು. ಘೋಷಣೆ ಹಿಂದಕ್ಕೆ ಹೋದದ್ದು 1968ರ ಜನವರಿಯಲ್ಲಿ. ಮತ್ತೆ 1971ರ ಡಿಸೆಂಬರ್ 3ರಂದು ಘೋಷಿಸಿದರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು, ನಾವು ಗೆದ್ದೆವು. ಆ ಘೋಷಣೆ ರದ್ದಾದದ್ದು 1977ರ ಮಾರ್ಚ್‌ನಲ್ಲಿ. ಎರಡು ವಾರದ ಯುದ್ಧ, ಐದು ವರ್ಷ ದಾಟಿದ ಯುದ್ಧಕಾಲದ ಕಾನೂನು. ಅದು ಜಾರಿಯಲ್ಲಿರುವಾಗಲೇ, ಅದರ ಮೇಲೊಂದಾಗಿ, 1975ರ ಜೂನ್ 25ರ ರಾತ್ರಿಯ ಘೋಷಣೆ ಬಂದು ಕೂತಿತು. ಯುದ್ಧಕ್ಕೆ ಹೋದ ಸಿಪಾಯಿ ಮನೆಗೆ ಬರುತ್ತಾನೆ, ಅವನ ಹೆಸರಿನಲ್ಲಿ ಮಾಡಿದ ಕಾನೂನು ಮಾತ್ರ ಬೇಗ ಮನೆಗೆ ಹೋಗುವುದಿಲ್ಲ.

ಇದೇ ದಂಡು ಪ್ರದೇಶದ ರಿಚ್ಮಂಡ್ ಟೌನಿನಿಂದ 1976ರ ಮೇ 1ರಂದು ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಕರೆದುಕೊಂಡು ಹೋದರು. ಬೇಕಾಗಿದ್ದದ್ದು ತಲೆಮರೆಸಿಕೊಂಡಿದ್ದ ಅವರ ಅಣ್ಣ, ಕಾರ್ಮಿಕ ನಾಯಕ ಜಾರ್ಜ್. ಹೌದು, ನಮ್ಮ ಸಂತ ಪೇತ್ರರ ಗುರುಮಠದಲ್ಲಿ ಗುರುವಾಗಲು ಓದಿ, ನಡುವೆ ಬಿಟ್ಟು ಹೋದ ಹುಡುಗ. ಅಣ್ಣ ಎಲ್ಲಿ ಎಂದು ಕೇಳಿ ತಮ್ಮನನ್ನು ನಡೆಯಲಾಗದಂತೆ ಹೊಡೆದರು. ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಅದೇ ತಿಂಗಳು ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಸೆಂಟ್ರಲ್ ಜೈಲು ಸೇರಿದರು. ಈಗ ಫ್ರೀಡಂ ಪಾರ್ಕ್ ಎಂದು ಕರೆಯುತ್ತೇವಲ್ಲ, ಅಲ್ಲಿ. ಆಕೆಗೆ ತೀವ್ರ ಆಸ್ತಮಾ. ಎಂಟು ತಿಂಗಳ ನಂತರ, 1977ರ ಜನವರಿ 15ರಂದು, ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ.

ನಾನಾಗ ಶಿವಾಜಿನಗರದಲ್ಲಿ ಮೂರನೇ ಕ್ಲಾಸಿನ ಹುಡುಗ. ಬಲಿಪೂಜೆ ಮುಗಿಸಿ ಮನೆಗೆ ಬಂದವರು ಇಂಥ ಸುದ್ದಿ ತೆಗೆದರೆ ಅಪ್ಪ ಎದ್ದು ಹೋಗಿ ರೇಡಿಯೋ ದನಿ ಜೋರು ಮಾಡಿ ಬಂದು ಕೂರುತ್ತಿದ್ದರು. ವಿವಿಧ ಭಾರತಿಯ ಹಾಡಿನ ಕೆಳಗೆ ದೊಡ್ಡವರು ಪಿಸುಗುಡುತ್ತಿದ್ದರು. ರಾತ್ರಿ ಜಪಸರದ ಕೊನೆಗೆ ಅಮ್ಮ ‘ಜೈಲಿನಲ್ಲಿರುವವರಿಗಾಗಿ’ ಎಂದು ಒಂದು ಪ್ರಾರ್ಥನೆ ಸೇರಿಸುತ್ತಿದ್ದರು, ಹೆಸರು ಹೇಳದೆ. ಅಷ್ಟೇ ನಾವು ಮಾಡಿದ್ದು. ಮಾರ್ ಥೋಮಾ ಸಭೆಯ ಮೆಟ್ರೊಪಾಲಿಟನ್ ಯುಹಾನೋನ್ ತಮ್ಮ ಹೆಸರು ಹಾಕಿಯೇ ಪ್ರಧಾನಿಗೆ ಬರೆದರು ಎಂದು ನನಗೆ ತಿಳಿದದ್ದು ಗುರುಮಠಕ್ಕೆ ಸೇರಿದ ಮೇಲೆ.

ಈಗ ವಾಚನಕ್ಕೆ ಬರುತ್ತೇನೆ. ಪೂಜೆಯ ಪುಸ್ತಕದಲ್ಲಿ ಅದು 11ನೇ ವಚನಕ್ಕೆ, ದೇವದೂತ ಪೇತ್ರನನ್ನು ಬಿಡಿಸಿದಲ್ಲಿಗೆ, ನಿಂತುಬಿಡುತ್ತದೆ. ಮುಂದಿನದನ್ನು ಮನೆಯಲ್ಲಿ ಓದಿ. ಪೇತ್ರ ಕತ್ತಲಲ್ಲಿ ಮಾರ್ಕನ ತಾಯಿ ಮರಿಯಳ ಮನೆಗೆ ಬಂದು ಬಾಗಿಲು ತಟ್ಟಿದ. ಒಳಗೆ ಸಭೆಯೆಲ್ಲ ಸೇರಿ ಅವನ ಬಿಡುಗಡೆಗೇ ಪ್ರಾರ್ಥಿಸುತ್ತಿದೆ. ರೋದೆ ಎಂಬ ಕೆಲಸದ ಹುಡುಗಿ ದನಿ ಗುರುತಿಸಿದಳು, ಸಂತೋಷಕ್ಕೆ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿದಳು. ಪ್ರಾರ್ಥನೆ ಮಾಡುತ್ತಿದ್ದವರು ಅವಳಿಗೆ ಹುಚ್ಚು ಎಂದರು. ವಾದ ನಡೆಯಿತು. ಅಷ್ಟು ಹೊತ್ತೂ ಪೇತ್ರ ಬೀದಿಯಲ್ಲಿ ನಿಂತು ತಟ್ಟುತ್ತಲೇ ಇದ್ದ. ಜೈಲಿನ ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು, ಪ್ರಾರ್ಥನೆಯ ಮನೆಯ ಮರದ ಬಾಗಿಲು ತೆರೆಯಲಿಲ್ಲ. 1976ರ ನಮ್ಮ ಮನೆ ನನಗೆ ನೆನಪಾಗುವುದು ಇಲ್ಲಿ.

ಪೌಲ ಬೇರೆ ಜಾಯಮಾನದವನು. ಜೆರುಸಲೇಮಿನ ಸೈನ್ಯದ ಠಾಣೆಯಲ್ಲಿ ಅವನನ್ನು ಚಾಟಿಯಿಂದ ಹೊಡೆಯಲು ಕಟ್ಟಿದಾಗ ಶತಾಧಿಪತಿಯನ್ನು ಒಂದೇ ಪ್ರಶ್ನೆ ಕೇಳಿದ: ವಿಚಾರಣೆ ಇಲ್ಲದೆ ರೋಮಿನ ಪ್ರಜೆಯನ್ನು ಹೊಡೆಯುವುದು ಯಾವ ಕಾನೂನು? ಹೊಡೆಯಬೇಕಿದ್ದವರು ಹಿಂದೆ ಸರಿದರು. ಫಿಲಿಪ್ಪಿಯಲ್ಲಿ ಹೊಡೆತ ತಿಂದ ಮರುದಿನ ಅಧಿಕಾರಿಗಳು ಸದ್ದಿಲ್ಲದೆ ಬಿಟ್ಟುಬಿಡಿ ಎಂದು ಹೇಳಿಕಳಿಸಿದರೆ, ಅವನು ಹೊರಡಲೊಲ್ಲ. ಬಹಿರಂಗವಾಗಿ ಹೊಡೆಸಿದವರು ತಾವೇ ಬಂದು ಹೊರಗೆ ಕರೆದೊಯ್ಯಲಿ ಎಂದು ಹಟ ಹಿಡಿದ. ಬಂದರು, ಕ್ಷಮೆ ಬೇಡಿದರು. ಕಾನೂನು ಕೇಳುವುದು ದೇಶದ್ರೋಹ, ಅಹಂಕಾರ ಎಂದು ಭಾವಿಸುವವರು ಪೌಲನನ್ನು ಏನೆನ್ನುತ್ತೀರಿ?

ಪೌಲ ಕೇಳಿದ ಆ ಪ್ರಶ್ನೆಗೇ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಉತ್ತರ ಕೊಡಬೇಕಿತ್ತು. ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆ ಇಲ್ಲದೆ ಬಂಧಿತರಾದವರ ಅರ್ಜಿ ಕೇಳಬಹುದು ಎಂದು ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಹೇಳಿದ್ದವು. ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಕೇಳಲಾಗದು ಎಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ, ಅದಕ್ಕೆ ಮುಖ್ಯ ನ್ಯಾಯಮೂರ್ತಿ ಪದವಿಯನ್ನು ತೆತ್ತರು. 1978ರ 44ನೇ ತಿದ್ದುಪಡಿಯ ನಂತರ ಯುದ್ಧ ಬಂದರೂ ಆರೋಪಿಯ ಹಕ್ಕು, ಜೀವ, ಸ್ವಾತಂತ್ರ್ಯ ಕಾಯುವ ಸಂವಿಧಾನದ 20 ಮತ್ತು 21ನೇ ವಿಧಿಗಳ ಬಾಗಿಲು ಮುಚ್ಚುವಂತಿಲ್ಲ. ಆ ಹಳೆಯ ತೀರ್ಪನ್ನು 2017ರಲ್ಲಿ ತಳ್ಳಿಹಾಕಿದ ಮೊಕದ್ದಮೆಯ ಅರ್ಜಿದಾರರು ನಮ್ಮವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೋರ್ಟಿನ ಮೆಟ್ಟಿಲು ಹತ್ತಿದಾಗ ಎಂಬತ್ತು ದಾಟಿದ ಅಜ್ಜ.

ನಮ್ಮ ದೇಶದ ಜೈಲುಗಳಲ್ಲಿ ಇವತ್ತೂ ನಾಲ್ವರಲ್ಲಿ ಸುಮಾರು ಮೂವರು ತೀರ್ಪಾಗದ ವಿಚಾರಣಾಧೀನರು. ಅವರಲ್ಲಿ ಕೆಲವರ ಮನೆಯವರು ಕೆ.ಆರ್. ಪುರದಿಂದ, ಹಲಸೂರಿನಿಂದ ಬಂದು ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಪೂಜೆ ಮುಗಿಯುವ ಮೊದಲೇ ಎದ್ದು ಹೋಗುತ್ತಾರೆ. ಇವತ್ತು ಅವರನ್ನು ಹಾಗೆ ಹೋಗಲು ಬಿಡಬೇಡಿ, ಮಾತಾಡಿಸಿ. ಹೆಸರು ಹೇಳಿಯೇ ಪ್ರಾರ್ಥಿಸಿ. ನಮ್ಮ ಧರ್ಮಕೇಂದ್ರದ ವಕೀಲರು ಪೂಜೆಯ ನಂತರ ಕಚೇರಿಯಲ್ಲಿ ಒಂದು ಗಂಟೆ ಇರುತ್ತಾರೆ, ಕದ ತೆರೆದೇ ಇರುತ್ತದೆ. ಸರ್ಕಾರದ ಉಚಿತ ಕಾನೂನು ನೆರವಿನ ದೂರವಾಣಿ 15100. ಬರೆದುಕೊಳ್ಳಿ.