ಆವೃತ್ತಿಯಲ್ಲಿ ಸುಖವೆಲ್ಲಿಯದು?

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಬೇಸರಕ್ಕೆ ಕಾರಣವೆಂದು ಲೋಕವು ನಂಬಿದೆ. ಮಗ್ಗಿಯನ್ನು ಹತ್ತನೆಯ ಸಲ ಒಪ್ಪಿಸಬೇಕಾದ ಬಾಲಕನು ಆಕಳಿಸುವನು. ಅದೇ ಬಾಲಕನು ಮೊಬೈಲನ್ನು ಕೈಯಲ್ಲಿ ಹಿಡಿದು, ಪರದೆಯ ಮೇಲೆ ಒಂದೇ ಬಗೆಯ ಶತ್ರುವನ್ನು ನೂರನೆಯ ಸಲ ಕೊಲ್ಲುತ್ತಿರುವಾಗ, ತಾಯಿಯು ಊಟಕ್ಕೆ ಕರೆದರೂ ಏಳನು. ಎರಡೆಡೆಯಲ್ಲಿಯೂ ಇರುವುದು ಆವೃತ್ತಿಯೇ. ಒಂದರಲ್ಲಿ ಬೇಸರ, ಮತ್ತೊಂದರಲ್ಲಿ ಆನಂದ. ಆದುದರಿಂದ ಆವೃತ್ತಿಯು ತಾನಾಗಿ ಬೇಸರಕ್ಕೂ ಕಾರಣವಲ್ಲ, ಸುಖಕ್ಕೂ ಕಾರಣವಲ್ಲ ಎಂದಾಯಿತು. ಹಾಗಾದರೆ ಆ ಸುಖವು ಎಲ್ಲಿಂದ ಬಂದಿತು? ಅದು ಬಯಸತಕ್ಕ ಸುಖವೇ, ಬಿಡತಕ್ಕ ಸುಖವೇ? ಮಕ್ಕಳಿರುವ ಮನೆಗಳಲ್ಲೆಲ್ಲ ಈಗ ಈ ಪ್ರಶ್ನೆಯು ಎದ್ದಿರುವುದರಿಂದ ಇದರ ವಿಚಾರವು ಅಪ್ರಾಸಂಗಿಕವಾಗಲಾರದು. ಹಣವನ್ನು ಪಣವಿಟ್ಟು ಆಡುವ ಆಟಗಳ ಮಾತು ಬೇರೆ. ಅವನ್ನು ನಿಷೇಧಿಸುವ ಕಾಯಿದೆಯನ್ನು ಭಾರತದ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಇಲ್ಲಿಯ ವಿಚಾರವು ಜೂಜಲ್ಲದ ಆಟವನ್ನು ಕುರಿತದ್ದು.

ಇಂತಹ ಆಟದ ಪುನರಾವೃತ್ತಿಯನ್ನು ಆಟಗಾರರು ‘ಗ್ರೈಂಡಿಂಗ್’ ಎಂದು ಕರೆಯುವರು. ಹಾಗೆಂದರೆ ಬೀಸುವುದು. 1986ರಲ್ಲಿ ಜಪಾನದಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟದಲ್ಲಿ ವೀರನು ಊರ ಸುತ್ತಣ ಕ್ಷುದ್ರ ಪ್ರಾಣಿಗಳನ್ನು ಪದೇ ಪದೇ ಕೊಂದು, ಅಂಕಗಳನ್ನೂ ಹೊನ್ನನ್ನೂ ಕೂಡಿಟ್ಟು, ಬಲಗೊಂಡ ಮೇಲೆಯೇ ಮುಂದಿನ ದಾರಿಯನ್ನು ಹಿಡಿಯಬೇಕಾಗಿತ್ತು. ಅನಂತರದ ಎಷ್ಟೋ ಆಟಗಳು ಇದೇ ಮಾದರಿಯಲ್ಲಿ ನಡೆದಿವೆ.

ಬೀಸುವುದೆಂಬ ಮಾತು ಕೊಪ್ಪಳದ ಸೀಮೆಗೆ ಹೊಸದಲ್ಲ. ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಗಳು ಬರುವುದಕ್ಕೆ ಮುಂಚೆ, ಕೋಳಿ ಕೂಗುವ ಹೊತ್ತಿಗೆ ಹೆಣ್ಣುಮಕ್ಕಳು ಎದ್ದು, ಗೂಟವನ್ನು ಹಿಡಿದು, ಅಂದಿನ ರೊಟ್ಟಿಗೆ ಬೇಕಾದ ಜೋಳವನ್ನು ಬೀಸುತ್ತಿದ್ದರು. ಕಲ್ಲು ತಿರುಗುವುದಕ್ಕೆ ಸರಿಯಾಗಿ ಹಾಡು ಹೊರಡುತ್ತಿತ್ತು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಇಂತಹ ಹಾಡುಗಳನ್ನು ಕೂಡಿಸಿ, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿದುದು ಸಾಹಿತ್ಯಾಭಿಮಾನಿಗಳಿಗೆ ವಿದಿತವೇ ಆಗಿದೆ. ಇದನ್ನು ನೆನೆದು ಕೆಲವರು, “ಅಂದಿನ ಬೀಸುವಿಕೆಯಲ್ಲಿ ನಿಜವಾದ ಸುಖವಿತ್ತು, ಇಂದಿನದು ಬರಿಯ ಮರುಳು” ಎನ್ನುವರು. ಆದರೆ ಈ ಮಾತು ಅವಸರದ್ದು. ಗಿರಣಿಯು ಊರಿಗೆ ಬಂದಾಗ ಕಲ್ಲನ್ನು ಮೂಲೆಗೆ ಸರಿಸಿದವರು ಆ ಹೆಣ್ಣುಮಕ್ಕಳೇ. ಬೀಸುವುದೇ ಸುಖವಾಗಿದ್ದರೆ ಅವರು ಹಾಗೇಕೆ ಮಾಡುತ್ತಿದ್ದರು? ತಪ್ಪದ ದುಡಿತವನ್ನು ಹಗುರಮಾಡಲು ಅವರು ಹಾಡನ್ನು ಕಟ್ಟಿಕೊಂಡರು. ಸುಖವು ಕಲ್ಲಿನದಲ್ಲ, ಹಾಡಿನದು. ಆಟಗಾರನಾದರೋ ತಾನಾಗಿಯೇ ಕಲ್ಲನ್ನು ಹುಡುಕಿಕೊಂಡು ಹೋಗುವನು. ಆದುದರಿಂದ ಅವನ ಸುಖಕ್ಕೆ ಬೇರೆ ಕಾರಣಗಳನ್ನು ಕಾಣಬೇಕು.

ಮೊದಲನೆಯದು, ಫಲದ ನಿಶ್ಚಯ. ಕುಷ್ಟಗಿಯ ಮಸಾರಿ ಹೊಲದಲ್ಲಿ ಸಜ್ಜೆ ಬಿತ್ತಿದವನು ಮುಗಿಲನ್ನು ನೋಡುತ್ತ ಕುಳಿತುಕೊಳ್ಳಬೇಕು. ಅವನ ದುಡಿತಕ್ಕೂ ಬೆಳೆಗೂ ನಡುವೆ ಮಳೆಯಿದೆ, ಹುಳುವಿದೆ, ಪೇಟೆಯ ಧಾರಣೆಯಿದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದ ಮೇಲೆ ಎಡದಂಡೆಯ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳಿಗೆ ಆ ಭಯವು ತಗ್ಗಿತೆನ್ನಬಹುದು. ಆದರೂ 2024ರ ಆಗಸ್ಟಿನಲ್ಲಿ ಅದೇ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ನಾಟಿ ಮಾಡಿದ ರೈತರ ಎದೆ ನಡುಗಿತು. ಆಟದಲ್ಲಿ ಇಂತಹ ಅಂತರಾಯವಿಲ್ಲ. ಹತ್ತು ಸಲ ಹೊಡೆದರೆ ಹತ್ತು ಸಲದ ಅಂಕವು ಆ ಕ್ಷಣದಲ್ಲಿಯೇ ಕಣ್ಣಿಗೆ ಕಾಣುವುದು. ಮಾಡಿದುದೊಂದೂ ವ್ಯರ್ಥವಾಗದು, ಮಾಡಿದುದನ್ನು ಯಾರೂ ಮರೆಯರು. ಲೋಕದಲ್ಲಿ ದುರ್ಲಭವಾದ ಈ ನ್ಯಾಯವು ಅಲ್ಲಿ ಸುಲಭವಾಗಿರುವುದು.

ಎರಡನೆಯದು, ನಿಶ್ಚಯದೊಳಗೆ ಬೆರಸಿದ ತುಸು ಅನಿಶ್ಚಯ. ಅಮೆರಿಕದ ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಪಂಡಿತರು ಪಾರಿವಾಳಗಳ ಮೇಲೆ ನಡೆಸಿದ ಪರೀಕ್ಷೆಗಳನ್ನು 1957ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಎಷ್ಟು ಸಲ ಕುಕ್ಕಿದರೆ ಕಾಳು ದೊರೆಯುವುದೆಂಬುದು ಗೊತ್ತಾಗದಂತೆ ಏರ್ಪಡಿಸಿದಾಗ, ಹಕ್ಕಿಯು ಬಿಡುವಿಲ್ಲದೆ ಕುಕ್ಕುತ್ತಲೇ ಇರುವುದೆಂದು ಅವರು ಕಂಡರು. ಆಟವನ್ನು ರಚಿಸುವವರು ಈ ಮರ್ಮವನ್ನು ಬಲ್ಲರು. ಸಣ್ಣ ಫಲವನ್ನು ಪ್ರತಿಸಲವೂ ಕೊಟ್ಟು, ದೊಡ್ಡ ಫಲವನ್ನು ಯಾವಾಗಲೋ ಒಮ್ಮೆ ಕೊಡುವರು.

ಮೂರನೆಯದು, ಚಿತ್ತದ ವಿಶ್ರಾಂತಿ. ಕೈಗೆ ಪಳಗಿದ ಕೆಲಸವು ಮನಸ್ಸನ್ನು ಬಿಡುಗಡೆ ಮಾಡುವುದು. ಹಳೆಯ ಸೀರೆಗಳನ್ನು ಪದರುಪದರಾಗಿ ಹಾಸಿ ಕೌದಿ ಹೊಲಿಯುವ ಅಜ್ಜಿಯ ಕೈ ಹೊಲಿಗೆಯಲ್ಲಿರುವುದು, ಮನಸ್ಸು ನೆರೆಯವಳ ಮಾತಿನಲ್ಲಿರುವುದು. ಕಿನ್ನಾಳದ ಚಿತ್ರಗಾರನು ಹಗುರವಾದ ಕಟ್ಟಿಗೆಯ ಗೊಂಬೆಯನ್ನು ಬಣ್ಣಕ್ಕೆ ಮುಂಚೆ ಉಜ್ಜಿ ಉಜ್ಜಿ ನುಣುಪುಮಾಡುವಾಗಲೂ ಹೀಗೆಯೇ. ದಿನವೆಲ್ಲ ದಣಿದು ಬಂದವನು ಆಟದ ಸುಲಭವಾದ ಆವೃತ್ತಿಯಲ್ಲಿ ಇದೇ ಶಾಂತಿಯನ್ನು ಅರಸಿದರೆ ಅವನನ್ನು ಹಳಿಯಲಾಗದು.

ಇಷ್ಟರಿಂದ ಸುಖದ ಕಾರಣವು ತಿಳಿದಂತಾಯಿತು. ಅದರ ಬೆಲೆಯು ಇನ್ನೂ ತಿಳಿಯಲಿಲ್ಲ. ಇದಕ್ಕೆ ಶಾಸ್ತ್ರಕಾರರ ಒಂದು ದೃಷ್ಟಾಂತವು ನೆರವಾಗುವುದು. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯವು ಆವೃತ್ತಿಯ ವಿಚಾರದಿಂದಲೇ ಆರಂಭವಾಗುತ್ತದೆ. ಶ್ರವಣ ಮನನಾದಿಗಳನ್ನು ಒಮ್ಮೆ ಮಾಡಿದರೆ ಸಾಕೇ, ಪದೇ ಪದೇ ಮಾಡಬೇಕೇ ಎಂಬುದು ಅಲ್ಲಿಯ ಪ್ರಶ್ನೆ. ಭತ್ತವನ್ನು ಕುಟ್ಟುವುದು ಅಕ್ಕಿಯು ಹೊರಬೀಳುವವರೆಗೆ ಹೇಗೋ, ಹಾಗೆ ಇವನ್ನೂ ದರ್ಶನವಾಗುವವರೆಗೆ ಆವರ್ತಿಸತಕ್ಕದ್ದೆಂದು ಶಂಕರಾಚಾರ್ಯರು ಭಾಷ್ಯದಲ್ಲಿ ನಿರ್ಣಯಿಸಿರುವರು. ಭತ್ತದ ನಾಡಾದ ಗಂಗಾವತಿಯಲ್ಲಿ ಈಗ ಯಂತ್ರಗಳೇ ಭತ್ತವನ್ನು ಅಕ್ಕಿಮಾಡುತ್ತಿದ್ದರೂ, ಒರಳು ಒನಕೆಗಳನ್ನು ಕಂಡ ಹಿರಿಯರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಎರಡು ಮಾತುಗಳು ಅಡಗಿವೆ. ಅಕ್ಕಿ ಕಾಣುವವರೆಗೆ ನಿಲ್ಲಿಸಲಾಗದೆಂಬುದು ಒಂದು. ಅಕ್ಕಿ ಕಂಡ ಮೇಲೆ ನಿಲ್ಲಿಸಬೇಕೆಂಬುದು ಇನ್ನೊಂದು. ಆವೃತ್ತಿಗೆ ಅರ್ಥವನ್ನು ಕೊಡುವುದು ಅದರ ಅವಧಿ.

ಇದಕ್ಕೆ ವಿರುದ್ಧವಾದುದು ತುಷಕಂಡನ, ಎಂದರೆ ಹೊಟ್ಟನ್ನು ಕುಟ್ಟುವುದು. ಒನಕೆಯು ಅದೇ, ತೋಳಿನ ಏರಿಳಿತವೂ ಅದೇ. ಕುಟ್ಟುವವನಿಗೆ ಲಯದ ಸುಖವೂ ಅಷ್ಟೇ ಉಂಟಾಗಬಹುದು. ಆದುದರಿಂದ ಸುಖವನ್ನು ಪ್ರಮಾಣವಾಗಿಟ್ಟುಕೊಂಡು ಇವೆರಡನ್ನು ಬೇರ್ಪಡಿಸಲಾಗದು. ಇದಕ್ಕೊಂದು ವಿಚಿತ್ರವಾದ ನಿದರ್ಶನವಿದೆ. 2010ರಲ್ಲಿ ಅಮೆರಿಕದ ಇಯಾನ್ ಬೊಗೋಸ್ಟ್ ಎಂಬ ವಿದ್ವಾಂಸರು ಇಂತಹ ಆಟಗಳನ್ನು ಪರಿಹಾಸ್ಯಮಾಡಲೆಂದೇ ‘ಕೌ ಕ್ಲಿಕರ್’ ಎಂಬ ಆಟವನ್ನು ರಚಿಸಿದರು. ಪರದೆಯ ಮೇಲೆ ಒಂದು ಹಸು. ಆರು ತಾಸಿಗೊಮ್ಮೆ ಅದನ್ನು ಒತ್ತುವುದು. ಒತ್ತಿದರೆ ಒಂದು ಅಂಕ. ಪರಿಹಾಸ್ಯವನ್ನು ಜನರು ನಿಜವೆಂದೇ ಹಿಡಿದು ಸಾವಿರಗಟ್ಟಲೆಯಾಗಿ ಆಡಿದರು. 2011ರಲ್ಲಿ ಅವರು ಹಸುಗಳನ್ನೆಲ್ಲ ಮಾಯಮಾಡಿದರು. ಬರಿಯ ಹುಲ್ಲು ಉಳಿಯಿತು. ಆ ಬರಿಯ ಜಾಗವನ್ನೂ ಕೆಲವರು ಒತ್ತುತ್ತಲೇ ಇದ್ದರು! ಹೊಟ್ಟು ಕುಟ್ಟುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದೊರೆಯಲಾರದು.

ಇಲ್ಲಿ ಒಂದು ಶಂಕೆ ಏಳುವುದು. ಜಪವೂ ಆವೃತ್ತಿಯೇ ಅಲ್ಲವೇ? 108 ಮಣಿಗಳನ್ನು ಎಣಿಸಿದವನ ಮುಂದೆಯೂ ಹಿಟ್ಟಿನ ರಾಶಿಯೇನೂ ಬೀಳದು. ಹುಣ್ಣಿಮೆಗೊಮ್ಮೆ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿ ಇಳಿಯುವವನು ಇದ್ದಲ್ಲಿಗೇ ಮರಳಿ ಬರುವನು. ಅವೂ ಹೊಟ್ಟೇ ಆದುವೇ? ಇದಕ್ಕೆ ಸಮಾಧಾನವಿಷ್ಟು: ಆವೃತ್ತಿಯ ಫಲವು ಹೊರಗೆ ಬೀಳಲೇಬೇಕೆಂಬ ನಿಯಮವಿಲ್ಲ; ಮಾಡುವವನಲ್ಲಿ ಬಿದ್ದರೂ ಸಾಕು. ಜಪದಿಂದ ಕೋಪವು ತುಸು ತಗ್ಗಿದರೆ, ಮೆಟ್ಟಿಲಿನಿಂದ ಅಹಂಕಾರವು ತುಸು ಕರಗಿದರೆ ಅಕ್ಕಿ ಬಿದ್ದಂತೆಯೇ. ಹಾಗಾಗದೆ, “ಇಂದು ಇಷ್ಟು ಸಾವಿರ ಮುಗಿಸಿದೆ” ಎಂಬ ಎಣಿಕೆಯೊಂದೇ ಬೆಳೆದರೆ, ಆ ಜಪಕ್ಕೂ ಪರದೆಯ ಅಂಕಕ್ಕೂ ಭೇದವಿಲ್ಲ. ಈ ಮಾತನ್ನು ಒಪ್ಪದ ಹಿರಿಯರಿಗೆ ಮಕ್ಕಳ ಆಟವನ್ನು ಜರೆಯುವ ಅಧಿಕಾರವೂ ಕಡಮೆ.

ಆಟದ ನಿಜವಾದ ದೋಷವು ಈಗ ಕಾಣುವುದು. ಅದು ಸುಖವನ್ನು ಕೊಡುವುದೆಂಬುದು ದೋಷವಲ್ಲ, ಆವೃತ್ತಿಯೆಂಬುದೂ ದೋಷವಲ್ಲ. ಅನೇಕ ಆಟಗಳಲ್ಲಿ ಅಕ್ಕಿ ಹೊರಬೀಳುವ ಹೊತ್ತಿಗೆ ಹೊಸ ಹೊಟ್ಟನ್ನು ಒರಳಿಗೆ ಸುರಿಯುವ ಏರ್ಪಾಡಿದೆ. ಒಂದು ಮಟ್ಟವು ಮುಗಿದರೆ ಮತ್ತೊಂದು ಹುಟ್ಟುವುದು. ಅಂಕವು ಏರುವುದು, ವೀರನ ಬಲವು ಏರುವುದು. ಆಡುವವನು ಮಾತ್ರ ಇದ್ದಂತೆಯೇ ಇರುವನು. ಅವಧಿಯಿಲ್ಲದ ಆವೃತ್ತಿಯಲ್ಲಿ ಒನಕೆ ಹಿಡಿದವನೇ ಭತ್ತವಾಗುವನು.

ಇಷ್ಟು ಹೇಳಿದ ಮೇಲೂ ಆಡುವವನ ಹಸಿವನ್ನು ಮರೆಯಲಾಗದು. ಈ ಏಳು ತಾಲೂಕುಗಳಲ್ಲಿ ಪದವಿಯನ್ನು ಪಡೆದು, ನೌಕರಿಯ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಿರುವ ತರುಣರು ಊರೂರಿಗೂ ಇರುವರು. ಅಂತಹವನೊಬ್ಬನನ್ನು ಭಾವಿಸೋಣ. ಅವನು ಓದಿದುದಕ್ಕೆ ಫಲ ಬರಲಿಲ್ಲ. ಸೋತುದನ್ನು ಎಲ್ಲರೂ ಬಲ್ಲರು, ಓದಿದುದನ್ನು ಯಾರೂ ಕಾಣರು. ರಾತ್ರಿ ದೀಪವಾರಿಸಿದ ಮೇಲೆ ಅವನು ಮೊಬೈಲನ್ನು ಎತ್ತಿಕೊಳ್ಳುವನು. ಅಲ್ಲಿ ಅವನ ಒಂದೊಂದು ಶ್ರಮಕ್ಕೂ ಲೆಕ್ಕವಿದೆ. “ಹಾಳು ಆಟ ಬಿಡಪಾ” ಎಂದು ಗದರುವ ತಂದೆಯು, “ಇಂದು ಏನು ಓದಿದೆಪಾ, ನನಗೂ ತುಸು ಹೇಳು” ಎಂದು ಎಂದಾದರೂ ಕೇಳಿದ್ದುಂಟೇ? ದುಡಿತವನ್ನು ಗುರುತಿಸುವ ಕಣ್ಣು ಮನೆಯಲ್ಲಿ ಇಲ್ಲವಾದರೆ, ಅದು ಎಲ್ಲಿದೆಯೋ ಅಲ್ಲಿಗೆ ಮಗನು ಹೋಗುವನು.

ಆದುದರಿಂದ ಇಬ್ಬರಿಗೂ ಒಂದೊಂದು ಕರ್ತವ್ಯವುಂಟು. ಆಡುವವನು ಆಗಾಗ ಒನಕೆಯನ್ನು ನಿಲ್ಲಿಸಿ ಒರಳೊಳಗೆ ಇಣಿಕಿ ನೋಡಲಿ. ಅಕ್ಕಿಯಿದ್ದರೆ ತೆಗೆದುಕೊಳ್ಳಲಿ, ಹೊಟ್ಟೇ ಇದ್ದರೆ ಏಳಲಿ. ಹಾಗೆ ನಿಲ್ಲಿಸಬಲ್ಲವನಿಗೆ ಆಟವು ವಿಶ್ರಾಂತಿ, ನಿಲ್ಲಿಸಲಾರದವನಿಗೆ ಬಂಧನ. ಹಿರಿಯರು ಗದರುವುದಕ್ಕೆ ಮುಂಚೆ ಪಕ್ಕದಲ್ಲಿ ಕುಳಿತುಕೊಳ್ಳಲಿ. ಬೀಸುವ ಕಲ್ಲಿಗೆ ಎದುರುಬದುರಾಗಿ ಇಬ್ಬರು ಕುಳಿತು ಒಂದೇ ಗೂಟಕ್ಕೆ ಕೈಹಚ್ಚುತ್ತಿದ್ದ ಕಾಲದಲ್ಲಿ, ಒಬ್ಬಳ ದಣಿವು ಮತ್ತೊಬ್ಬಳಿಗೆ ಹೇಳದೆಯೇ ತಿಳಿಯುತ್ತಿತ್ತು.