ಇಂದಿನ ಧಮ್ಮ ಚಿಂತನೆ: ಅಳಿಸಿದ ಕೋಡ್



ನನ್ನ ಹಳೆಯ ಕಾರು ಇಂಜಿನ್ ಕಾದಾಗ ಮಾತ್ರ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಸ್ಕ್ಯಾನರ್ ತೋರಿಸಿದ್ದು ಪಿ0335, ಕ್ರ್ಯಾಂಕ್ ಸೆನ್ಸರ್ ಕೋಡ್. ಅಳಿಸಿದರು, ಮತ್ತೆ ಬಂತು. ಸೆನ್ಸರ್ ಬದಲಿಸಿದರೂ ಬಂತು. “ನಿಂಬೆಹಣ್ಣು ಕಟ್ಟಿ ಮೇಷ್ಟ್ರೇ” ಎಂದರು ಪಕ್ಕದ ಮನೆಯವರು. ಕಟ್ಟಲಿಲ್ಲ. ಕೊನೆಗೆ ಮೆಕ್ಯಾನಿಕ್ ಹುಡುಗ ಇಂಜಿನ್ ಓಡುತ್ತಿರುವಾಗಲೇ ಸೆನ್ಸರಿನ ವೈರು ಅಲುಗಾಡಿಸಿದ. ಇಂಜಿನ್ ತಟ್ಟನೆ ನಿಂತಿತು. ಕಬ್ಬಿಣಕ್ಕೆ ಉಜ್ಜಿ ಉಜ್ಜಿ ವೈರು ಒಳಗೇ ಸವೆದಿತ್ತು.

ನನ್ನ ಕೋಪವೂ ಹೀಗೆಯೇ. ಮಗಳ ಮೇಲೆ ರೇಗುತ್ತೇನೆ, ಸಾರಿ ಕೇಳುತ್ತೇನೆ. ಕೋಡ್ ಅಳಿಸಿದಂತೆ ಅಷ್ಟೇ. ರೇಗಿದ ದಿನಗಳನ್ನು ನೆನೆದು ನೋಡಿದೆ: ಎಲ್ಲವೂ ಸ್ಟಾಫ್‌ರೂಮಿನಲ್ಲಿ ಜಾತಿಯ ಕೊಂಕು ಕೇಳಿ ನುಂಗಿಕೊಂಡ ದಿನಗಳೇ.

ಕಾರಣವಿಲ್ಲದೆ ದುಃಖ ಹುಟ್ಟದು ಎಂದರು ಭಗವಾನ್ ಬುದ್ಧರು. ಇನ್ನು ಆ ಮಾತಿಗೆ ಅಲ್ಲೇ, ಶಾಂತವಾಗಿ ಉತ್ತರ ಕೊಡುತ್ತೇನೆ. ಮಗಳು ಅದರ ಬೆಲೆ ತೆರಬಾರದು.

ಭವತು ಸಬ್ಬ ಮಂಗಲಂ 🙏