ಜಾತಿ ಕೇಳಿದ್ರ ಏನ್ ಹೇಳ್ಲಿ ಸರ್?


ದಿನದ ಚಿಂತನೆ: ನಾಲ್ಕನೆಯ ಶೀಲ



ಹೋದ ವಾರ ನಮ್ಮ ಶಾಲೆಗೆ ಒಬ್ಬ ತಂದೆ ಬಂದಿದ್ದರು, ಮಗಳ ಟಿ.ಸಿ. ಕೇಳಲು. ಭಾನುವಾರದ ವಂದನೆಗೆ ತಪ್ಪದೆ ಬರುವವರು. ಸಿಮೆಂಟ್ ಕಾರ್ಖಾನೆಯೊಂದರಲ್ಲಿ 9 ವರ್ಷ ಗುತ್ತಿಗೆ ಕೆಲಸ ಮಾಡಿದ್ದರು. ಗುತ್ತಿಗೆದಾರ ಬದಲಾದ, ಹೊಸಬ ಹಳೆಯ ಆಳುಗಳನ್ನು ಇಟ್ಟುಕೊಳ್ಳಲಿಲ್ಲ. ಮೂರು ತಿಂಗಳು ಸಾಲದ ಮೇಲೆ ಮನೆ ನಡೆದಿದೆ. ಪುಣೆ ಹತ್ತಿರದ ಚಾಕಣದಲ್ಲಿ ಪರಿಚಯದವರೊಬ್ಬರು ಬಾ ನೋಡೋಣ ಅಂದಿದ್ದಾರೆ. ಕೆಲಸ ಇನ್ನೂ ಖಚಿತವಿಲ್ಲ.

ಟಿ.ಸಿ. ಬಗ್ಗೆ ಚಿಂತೆ ಬೇಡ ಎಂದೆ. ಅದು ಕೈಗೆ ಬರುವುದು ತಡವಾದರೂ ಅಲ್ಲಿನ ಸರ್ಕಾರಿ ಶಾಲೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ ಎಂದೂ ತಿಳಿಸಿದೆ. ತಲೆಯಾಡಿಸಿದರು, ಆದರೆ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

"ಸರ್, ಅಲ್ಲಿ ಬಾಡಗಿ ಮನಿ ಕೇಳ್ಲಾಕ ಹೋದ್ರ ಯಾವ ಜನ ಅಂತ ಕೇಳ್ತಾರ. ಖರೆ ಹೇಳಿದ್ರ ಮನಿ ಸಿಗಲ್ಲ. ಸುಳ್ಳ ಹೇಳಿದ್ರ ಶೀಲ ಮುರೀತದ. ಏನ್ ಹೇಳ್ಲಿ?"

"ಬೌದ್ಧರು ಅಂತ ಹೇಳಿ. ಅದು ಸತ್ಯವೇ ಅಲ್ಲವೇ?" ಎಂದೆ.

ಅವರು ನಕ್ಕರು. "ಮಹಾರಾಷ್ಟ್ರದಾಗ ಬೌದ್ಧ ಅಂದ್ರ ಮುಗೀತಲ್ರಿ ಸರ್. ಮತ್ತೇನ್ ಕೇಳೋದೇ ಬ್ಯಾಡ."

ನನ್ನ ಹತ್ತಿರ ಉತ್ತರವಿರಲಿಲ್ಲ. ತಿಂಗಳ ಸಂಬಳ ತಪ್ಪದೆ ಬರುವವನು ಸತ್ಯದ ಮೇಲೆ ಉಪದೇಶ ಮಾಡುವುದು ಸುಲಭ. ಅದಕ್ಕೇ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೆ ಜಿಲ್ಲೆಯ ಒಂದು ಊರಿನಲ್ಲಿ ರೂಮು ಹುಡುಕುತ್ತಿದ್ದೆ. ಮನೆಯ ಅಜ್ಜಿ, "ನಮ್ಮವರೇ ಏನಪ್ಪಾ?" ಎಂದು ಕೇಳಿದರು. "ಹೂಂ" ಎಂದೆ. ಅಷ್ಟೇ, ಒಂದೇ ಅಕ್ಷರ. ಆ ಮನೆಯಲ್ಲಿ ಎರಡು ವರ್ಷ ಇದ್ದೆ. ಬಾಬಾಸಾಹೇಬರ ಫೋಟೋ ಟ್ರಂಕಿನಲ್ಲೇ ಉಳಿಯಿತು. ಏಪ್ರಿಲ್ 14ರಂದು ಬಾಗಿಲು ಹಾಕಿಕೊಂಡು ದೀಪ ಹಚ್ಚಿದೆ. ಅವ್ವ ಊರಿಂದ ಬರುತ್ತೇನೆ ಅಂದಾಗ ಏನೇನೋ ನೆಪ ಹೇಳಿದೆ. ಆ ಅಜ್ಜಿ ಒಳ್ಳೆಯವರು, ಜ್ವರ ಬಂದಾಗ ಬಿಸಿ ರೊಟ್ಟಿ ತಂದು ಕೊಟ್ಟರು. ಆ ರೊಟ್ಟಿ ನನಗೆ ಕೊಟ್ಟದ್ದೋ, ನನ್ನ 'ಹೂಂ'ಗೆ ಕೊಟ್ಟದ್ದೋ ಇವತ್ತಿಗೂ ತಿಳಿಯದು. ನಿಜ ಹೇಳಿದ್ದರೆ ಅವರು ಹೊರಗೆ ಕಳಿಸುತ್ತಿದ್ದರೋ, ಇರು ಅನ್ನುತ್ತಿದ್ದರೋ, ಅದೂ ತಿಳಿಯದು. ಬದಲಾಗುವ ಒಂದು ಅವಕಾಶವನ್ನು ನಾನು ಅವರಿಗೂ ಕೊಡಲಿಲ್ಲ.

ಬಾಬಾಸಾಹೇಬರಿಗೂ ಇದೇ ಪ್ರಶ್ನೆ ಎದುರಾಗಿತ್ತು. 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದಲ್ಲಿ ನೌಕರಿಗೆ ಸೇರಿದಾಗ ಅವರಿಗೆ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. 11ನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಇಬ್ಬರು ಗೆಳೆಯರನ್ನು ಆಸರೆ ಕೇಳಿದರು, ಇಬ್ಬರೂ ನೆಪ ಹೇಳಿ ಜಾರಿಕೊಂಡರು. ರಾತ್ರಿಯ ರೈಲಿನ ತನಕ ಉದ್ಯಾನದಲ್ಲಿ ಕೂತು ಮುಂಬಯಿಗೆ ಮರಳಿದರು. ಬೇರೆ ಹೆಸರು ಹೇಳಿದ್ದನ್ನು ಅವರು ಮುಚ್ಚಿಡಲಿಲ್ಲ, 'ವೈಟಿಂಗ್ ಫಾರ್ ಎ ವೀಸಾ'ದಲ್ಲಿ ತಾವೇ ಬರೆದಿದ್ದಾರೆ. ನಾವು ಓದುವಾಗ ವಸತಿಗೃಹದವರ ಮೇಲೆ ಸಿಟ್ಟಾಗುತ್ತೇವೆ. ನನಗೆ ಹೆಚ್ಚು ಕಾಡುವುದು ಆ ಇಬ್ಬರು ಗೆಳೆಯರು. ಅವರಲ್ಲಿ ಒಬ್ಬರ ಬಾಗಿಲು ತೆರೆದಿದ್ದರೂ ಅಂದಿನ ರಾತ್ರಿ ಬೇರೆಯಾಗುತ್ತಿತ್ತು.

ಈಗ ಶೀಲದ ಮಾತು. ಪಂಚಶೀಲ ದೇವರ ಅಪ್ಪಣೆಯಲ್ಲ. ಅದು ಶಿಕ್ಖಾಪದ, ನಾವೇ ಒಪ್ಪಿ ತೆಗೆದುಕೊಂಡ ತರಬೇತಿ. ನಿಯಮಕ್ಕೂ ತತ್ವಕ್ಕೂ ಇರುವ ವ್ಯತ್ಯಾಸವನ್ನು ಬಾಬಾಸಾಹೇಬರು ಮತ್ತೆ ಮತ್ತೆ ಹೇಳಿದ್ದಾರೆ. ನಿಯಮವನ್ನು ಕಣ್ಣು ಮುಚ್ಚಿ ಪಾಲಿಸಬಹುದು. ತತ್ವವಾದರೆ ಯೋಚಿಸಿ ನಡೆಯಬೇಕು, ನಡೆದದ್ದಕ್ಕೆ ಹೊಣೆಯನ್ನೂ ಹೊರಬೇಕು.

ಯೋಚಿಸಿದರೆ ನನಗೆ ಮೂರು ಮಾತು ಹೊಳೆಯುತ್ತವೆ.

ಒಂದು, ಮನೆ ಬಾಡಿಗೆಗೆ ಜಾತಿ ಕೇಳುವುದೇ ಅನ್ಯಾಯ. ಅನ್ಯಾಯದ ಪ್ರಶ್ನೆಗೆ ಉತ್ತರ ಕೊಡಲೇಬೇಕು ಎಂದು ಯಾವ ಶೀಲವೂ ಹೇಳುವುದಿಲ್ಲ. "ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು ಹೇಳ್ರಿ, ತಿಂಗಳ ತಿಂಗಳ ಕೊಡ್ತೀನಿ" ಎಂದರೆ ಅದು ಸುಳ್ಳಲ್ಲ.

ಎರಡು, ಸುಮ್ಮನಿರುವುದು ಬೇರೆ, ಇನ್ನೊಂದು ಜಾತಿಯ ಹೆಸರನ್ನು ಹೊದ್ದುಕೊಳ್ಳುವುದು ಬೇರೆ. ಹೊದ್ದುಕೊಂಡರೆ ಮನೆಯವರೆಲ್ಲ ಹೊದ್ದುಕೊಳ್ಳಬೇಕು. ಅಪ್ಪ ಹೇಳಿದ್ದನ್ನು ಮಗಳು ಶಾಲೆಯಲ್ಲೂ, ನಲ್ಲಿಯ ಹತ್ತಿರವೂ ಕಾಯಬೇಕು. ಹತ್ತು ವರ್ಷದ ಮಗುವಿಗೆ ತನ್ನ ಹೆಸರು ಅಡಗಿಸಬೇಕಾದ ವಸ್ತು ಎಂದು ಕಲಿಸಿದರೆ, ನಾವು ಬೌದ್ಧರಾದದ್ದು ಯಾತಕ್ಕೆ?

ಮೂರು, ರಾತ್ರಿಯಾಗಿ, ಮಳೆ ಹೊಯ್ದು, ಹೆಂಡತಿ ಮಕ್ಕಳೊಂದಿಗೆ ಬೀದಿಯಲ್ಲಿ ನಿಂತವನ ಬಾಯಿಂದ ಒಂದು ಸುಳ್ಳು ಬಂದರೆ, ಅವನನ್ನು ತೂಗಲು ನಾನು ತಕ್ಕಡಿ ಎತ್ತುವುದಿಲ್ಲ. ಅವನನ್ನು ಅಲ್ಲಿಯ ತನಕ ಒಂಟಿ ಬಿಟ್ಟವರು ಯಾರು ಎಂದು ಕೇಳುತ್ತೇನೆ.

ಆ ಒಂಟಿ ಬಿಟ್ಟವರು ನಾವೇ. ಸತ್ಯಕ್ಕೆ ಬೆಲೆಯಿದೆ. ಕೆಲಸ ಕಳೆದುಕೊಂಡವನು ಅದನ್ನು ಒಬ್ಬನೇ ತೆರಲಾರ. ಮೂರು ಶರಣಗಳಲ್ಲಿ ಸಂಘ ಮೂರನೆಯದು, ಶರಣ ಎಂದರೆ ಆಸರೆ. ದೀಘಜಾಣು ಎಂಬ ಗೃಹಸ್ಥನಿಗೆ ಬುದ್ಧರು ಹೇಳಿದ ನಾಲ್ಕು ಸಂಗತಿಗಳು ದುಡಿಮೆ, ಗಳಿಸಿದ್ದರ ರಕ್ಷಣೆ, ಕಲ್ಯಾಣಮಿತ್ರರ ಸಂಗ ಮತ್ತು ಹಿಡಿತದ ಬದುಕು. ಮೊದಲ ಎರಡನ್ನು ಕಾರ್ಖಾನೆ ಕಸಿದುಕೊಂಡಿದೆ. ನಾಲ್ಕನೆಯದನ್ನು ಬಡತನವೇ ಕಲಿಸಿದೆ. ಮೂರನೆಯದು ಮಾತ್ರ ನಮ್ಮ ಕೈಯಲ್ಲಿದೆ.

ಚಾಕಣದಿಂದ ದೇಹು ರೋಡ್ ಬಹಳ ದೂರವಲ್ಲ. 1954ರ ಡಿಸೆಂಬರ್ 25ರಂದು ಬಾಬಾಸಾಹೇಬರು ತಾವೇ ಬುದ್ಧಮೂರ್ತಿ ಪ್ರತಿಷ್ಠಾಪಿಸಿದ ವಿಹಾರ ಅಲ್ಲಿದೆ. ಮೊದಲ ಭಾನುವಾರ ಅಲ್ಲಿಗೆ ಹೋಗಿ, ಯಾವ ಊರು, ಯಾಕೆ ಬಂದಿರಿ ಎಂದು ಇದ್ದದ್ದು ಇದ್ದ ಹಾಗೆ ಹೇಳಿ ಎಂದಿದ್ದೇನೆ.

ಅವರು ಮೊನ್ನೆ ಒಬ್ಬರೇ ರೈಲು ಹತ್ತಿದರು. ನಾಲ್ವರು ಇರುವ ರೂಮಿನಲ್ಲಿ ಐದನೆಯವರಾಗಿದ್ದಾರೆ. ಮನೆ ಸಿಕ್ಕ ಮೇಲೆ ಕುಟುಂಬ ಹೋಗಬೇಕು. ಅವರ ಹೆಂಡತಿ ಸಾಮಾನು ಕಟ್ಟುತ್ತಾ ಹೇಳಿದ ಮಾತು ಇದು: "ಬಾಬಾಸಾಹೇಬರ ಫೋಟೋ ಕಡೀಗಿ ಇಡ್ತೀನ್ರಿ ಸರ್. ಹೋದ ಕೂಡ್ಲೇ ಅದನ್ನೇ ಮೊದಲ ತಗೀಬೇಕು." ಮಗಳ ಟಿ.ಸಿ. ಬರೆದಿಟ್ಟಿದ್ದೇನೆ, ತಾರೀಖು ಮಾತ್ರ ಹಾಕಿಲ್ಲ.

ಇಂದಿನ ಅಭ್ಯಾಸ: ಪಿಂಪ್ರಿ, ಚಿಂಚವಾಡ, ಚಾಕಣ, ದೇಹು ರೋಡ್ ಕಡೆ ನಿಮ್ಮ ನೆಂಟರೋ ಗೆಳೆಯರೋ ಇದ್ದರೆ ಇವತ್ತೇ ಒಂದು ಫೋನ್ ಮಾಡಿ. ಒಂದು ಕೋಣೆ ಸಾಕು. ಫೋಟೋ ಹಾಕಲು ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡುವ ಮನೆಯಾಗಿರಲಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.